ಹಿಮಾಲಯದ ಪಾಸ್ ದಾಟಲು ಹೊರಟವರಿಗೆ

ಬೇಸಿಗೆ ಹತ್ತಿರವಾದಂತೆ ಕೋಲಾರ ಜಿಲ್ಲೆಯಿಂದ ಬರುವ ಪತ್ರಗಳಲ್ಲಿ ಹಿಮಾಲಯದ ಮಾತು ಹೆಚ್ಚುತ್ತದೆ. ಈ ಸಲ ಬಹುಪಾಲು ಓದುಗರು ಕೇಳಿರುವುದು ಹಿಮಾಚಲ ಪ್ರದೇಶದ ಹಂಪ್ತಾ ಪಾಸ್ ಬಗ್ಗೆ. ಪಾಸ್ ಎಂದರೆ ಎರಡು ಶಿಖರಗಳ ನಡುವೆ ತುಸು ತಗ್ಗಿದ ಜಾಗ. ಬೆಟ್ಟಸಾಲಿನ ಈ ಬದಿಯಿಂದ ಆ ಬದಿಗೆ ದಾಟುವುದು ಅಲ್ಲಿಂದಲೇ. ಹಂಪ್ತಾದ ಎತ್ತರ ಸುಮಾರು 4,270 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಎಂದರೆ ಲೆಕ್ಕ ಸಿಕ್ಕೀತು. ಕುಲ್ಲು ಕಡೆಯ ಹಸಿರಿನಲ್ಲಿ ಹತ್ತಿ ಲಾಹೌಲ್‌ನ ಬೋಳು ಬೆಟ್ಟಗಳ ಕಡೆ ಇಳಿಯುವ ಈ ದಾರಿಯಲ್ಲಿ ಗದ್ದಿ ಕುರಿಗಾಹಿಗಳು ತಲೆಮಾರುಗಳಿಂದ ಮಂದೆ ಹೊಡೆದುಕೊಂಡು ಓಡಾಡಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ. ಜೂನ್‌ನಲ್ಲಿ ಸ್ನೇಹಿತರ ಜೊತೆ ಹಂಪ್ತಾಗೆ ಹೋಗ್ತೀನಿ ಅಂತ ದುಡ್ಡು ಕಟ್ಟಿಬಿಟ್ಟಿದ್ದಾನೆ. 2024ರಲ್ಲಿ ನಮ್ಮ ಕರ್ನಾಟಕದವರು ಹಿಮದಲ್ಲಿ ಸಿಕ್ಕಿ ತೀರಿಕೊಂಡದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಹಿಮಾಲಯ ಅಂದರೆ ಎದೆ ಝಲ್ಲೆನ್ನುತ್ತೆ. ಬೇಡ ಅಂದರೆ ಮುನಿಸಿಕೊಳ್ಳುತ್ತಾನೆ. ಅವರಪ್ಪ 'ಹೋಗಲಿ ಬಿಡು' ಅಂತಾರೆ. ಆಂಜನೇಯಸ್ವಾಮಿಗೆ ಹರಕೆ ಹೊತ್ತು ಬಂದಿದ್ದೀನಿ. ಇನ್ನೇನು ಮಾಡಲಿ?
— ಒಬ್ಬ ತಾಯಿ, ಮುಳಬಾಗಿಲು

ಉತ್ತರ: ಮಗ ಕ್ಷೇಮವಾಗಿ ಮನೆಗೆ ಬರುತ್ತಾನೋ ಇಲ್ಲವೋ ಎಂಬುದು ನಿಮ್ಮ ಚಿಂತೆ. ಇದು ಸುಮ್ಮನೆ ಹುಟ್ಟಿದ ಭಯವಲ್ಲ ತಾಯಿ, ಇದಕ್ಕಾಗಿ ಸಂಕೋಚಪಡಬೇಡಿ. ಮೊದಲು ಒಂದು ಸಮಾಧಾನದ ಮಾತು. ಹಂಪ್ತಾದಲ್ಲಿ ಪ್ರತಿ ವರ್ಷ ಸಾವಿರಾರು ಜನ ನಡೆಯುತ್ತಾರೆ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಸಾಹಸವಲ್ಲ ಅದು, ಕಾಲ್ನಡಿಗೆಯ ದಾರಿ. ನಿಮ್ಮ ಮಗ ಮಾಡಬಾರದ್ದನ್ನೇನೂ ಮಾಡಲು ಹೊರಟಿಲ್ಲ.

ನೀವು ಟಿವಿಯಲ್ಲಿ ನೋಡಿದ್ದು ಉತ್ತರಾಖಂಡದ ಸಹಸ್ರತಾಲ್‌ನ ಘಟನೆ. ನಾಲ್ಕು ಸಾವಿರ ಮೀಟರ್‌ಗೂ ಮೇಲಿರುವ ಆ ಸರೋವರಗಳ ದಾರಿಯಲ್ಲಿ 2024ರ ಜೂನ್ ಮೊದಲ ವಾರ 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ತಂಡದ ಬಹುಪಾಲು ಮಂದಿ ನಮ್ಮ ರಾಜ್ಯದವರು. 9 ಮಂದಿ ತೀರಿಕೊಂಡರು, 13 ಮಂದಿಯನ್ನು ರಕ್ಷಿಸಲಾಯಿತು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೇ ಹೋಗಿ ರಕ್ಷಣಾ ಕಾರ್ಯದ ಉಸ್ತುವಾರಿ ನೋಡಿಕೊಂಡರು. ಆ ತಂಡದಲ್ಲಿ ಬೆಟ್ಟ ಹತ್ತಿ ಪಳಗಿದವರೂ ಇದ್ದರು. ಹಾಗಾಗಿ 'ಅವರಿಗೆ ಅನುಭವವಿರಲಿಲ್ಲ, ಇವನಿಗಿದೆ' ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನು ಒಪ್ಪಬೇಡಿ.

ಅಂಥ ಹೊತ್ತಿನಲ್ಲಿ ಜೀವ ತೆಗೆಯುವುದು ಚಳಿ, ಗಾಳಿ, ಒದ್ದೆ ಮೂರೂ ಒಟ್ಟಿಗೆ ಸೇರಿದ ಸ್ಥಿತಿ. ದೇಹದ ಬಿಸಿ ಹುಟ್ಟುವುದಕ್ಕಿಂತ ಬೇಗ ಹೊರಟುಹೋಗುತ್ತದೆ. ಇದನ್ನು ಹೈಪೋಥರ್ಮಿಯಾ (ದೇಹದ ಒಳಶಾಖ ಅಪಾಯದ ಮಟ್ಟಕ್ಕೆ ಇಳಿಯುವುದು) ಎನ್ನುತ್ತಾರೆ. ಮೊದಲು ನಡುಕ ಬರುತ್ತದೆ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಕ ನಿಂತುಹೋಯಿತೆಂದರೆ ಚಳಿ ಕಡಿಮೆಯಾಯಿತು ಎಂದುಕೊಳ್ಳಬಾರದು, ಸ್ಥಿತಿ ಕೈಮೀರುತ್ತಿದೆ ಎಂದೇ ತಿಳಿಯಬೇಕು. ಸೊನ್ನೆಗಿಂತ ಕೆಳಗಿನ ಚಳಿಯೇ ಬೇಕೆಂದಿಲ್ಲ. ಮಳೆಯಲ್ಲಿ ತೊಯ್ದು ಗಾಳಿಗೆ ನಿಂತರೂ ಸಾಕು.

ಈಗ ನೀವು ಮಾಡಬೇಕಾದ ಕೆಲಸ. ಮಗನನ್ನು ತಡೆಯುವ ಬದಲು ಎದುರು ಕೂರಿಸಿಕೊಂಡು ಕೇಳಿ: ಪಾಸ್ ದಾಟುವ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ? ಎಷ್ಟು ಗಂಟೆಯೊಳಗೆ ಮೇಲೆ ತಲುಪದಿದ್ದರೆ ಹಿಂದಿರುಗುತ್ತೀರಿ? ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ, ಅದಕ್ಕೇ ಬೆಳಗಿನ ಹೊತ್ತಿನಲ್ಲೇ ದಾಟಬೇಕು. ಈ ಎರಡನೇ ಪ್ರಶ್ನೆಗೆ ಖಚಿತವಾದ ಗಂಟೆಯೊಂದು ಉತ್ತರವಾಗಿ ಬರಬೇಕು. 'ನೋಡ್ಕೋತೀವಿ ಅಮ್ಮಾ' ಎಂದರೆ ಆ ತಂಡ ಇನ್ನೂ ಸಿದ್ಧವಾಗಿಲ್ಲ ಎಂದರ್ಥ.

ಹವಾ ಕೆಟ್ಟರೆ ಸುಮ್ಮನೆ ಕಾಯಲು ಹೆಚ್ಚುವರಿ ದಿನ ಇಟ್ಟುಕೊಂಡಿದ್ದಾರಾ ಎಂದೂ ಕೇಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಸೋಮವಾರ ಆಫೀಸಿಗೆ ಹಾಜರಾಗಲೇಬೇಕು ಎಂದು ಟಿಕೆಟ್ ಮಾಡಿಸಿದವರು ಮೋಡ ಕಂಡರೂ ಹತ್ತುತ್ತಾರೆ. 2023ರ ಜುಲೈನಲ್ಲಿ ಹಿಮಾಚಲದಲ್ಲಿ ವಿಪರೀತ ಮಳೆ, ಹಿಮ ಸುರಿದಾಗ ಹಂಪ್ತಾದ ಆಚೆ ಬದಿಯ ಚಂದ್ರತಾಲ್ ಸರೋವರದ ಬಳಿ ಇನ್ನೂರೈವತ್ತಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ಬೆಟ್ಟಕ್ಕೆ ನಮ್ಮ ರಜೆಯ ಅರ್ಜಿ ಗೊತ್ತಿರುವುದಿಲ್ಲ.

ಬಟ್ಟೆಯ ಜವಾಬ್ದಾರಿಯನ್ನು ನೀವೇ ವಹಿಸಿಕೊಳ್ಳಬಹುದು. ಜೀನ್ಸ್ ಬೇಡ, ಹತ್ತಿಯ ಬನಿಯನ್ ಬೇಡ. ಹತ್ತಿ ಬೆವರು ಹೀರಿ ಒಣಗದೆ ಮೈಯನ್ನು ತಣ್ಣಗೆ ಮಾಡುತ್ತದೆ. ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆಯದೋ ಫ್ಲೀಸ್‌ನದೋ (ಬೆಚ್ಚಗಿಡುವ, ಬೇಗ ಒಣಗುವ ಕೃತಕ ಬಟ್ಟೆ) ಒಂದು ಪದರ, ಎಲ್ಲಕ್ಕೂ ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯೇ ಇರಲಿ. ಟೆಂಟಿಗೆ ಬಂದ ಮೇಲಷ್ಟೇ ಅದನ್ನು ಹಾಕಿಕೊಳ್ಳಬೇಕು.

ಕೊನೆಯದಾಗಿ, ನಡಿಗೆಯ ದಾರಿಯಲ್ಲಿ ಬಹುಪಾಲು ಫೋನ್ ಸಿಗ್ನಲ್ ಇರುವುದಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ ಫೋನ್ ಬರುವುದಿಲ್ಲ ಎಂದು ಮೊದಲೇ ಬರೆಸಿಟ್ಟುಕೊಳ್ಳಿ. ಏರ್ಪಾಡು ಮಾಡಿದವರ ಮನಾಲಿ ಕಚೇರಿಯ ನಂಬರ್ ಕೂಡ ಅದೇ ಹಾಳೆಯಲ್ಲಿರಲಿ. ಫೋನ್ ಬಾರದ ಆ ದಿನಗಳಲ್ಲಿ ಕ್ಯಾಲೆಂಡರ್ ನೋಡಿದರೆ ನಿಮಗೇ ಸಮಾಧಾನವಾಗುತ್ತದೆ. ಹರಕೆಯೂ ಇರಲಿ.

ಪ್ರಶ್ನೆ: ನಾನು ದಿನಾ ಹತ್ತು ಕಿಲೋಮೀಟರ್ ಓಡುತ್ತೇನೆ, ಜಿಮ್‌ಗೂ ಹೋಗುತ್ತೇನೆ. ಫ್ಯಾಕ್ಟರಿಯಲ್ಲಿ ನಾಲ್ಕೇ ದಿನ ರಜೆ ಕೊಡುವುದು. ಹಂಪ್ತಾದಲ್ಲಿ ಮೊದಲ ಕ್ಯಾಂಪ್‌ನಲ್ಲಿ ಉಳಿಯದೆ ನೇರವಾಗಿ ಎರಡನೇ ಕ್ಯಾಂಪ್‌ಗೆ ಹೋದರೆ ಒಂದು ದಿನ ಉಳಿಯುತ್ತದೆ. ನನ್ನಂಥ ಫಿಟ್ ಇರುವವರಿಗೆ ಇದರಿಂದ ಏನು ತೊಂದರೆ?
— ಓದುಗ, ಮಾಲೂರು ಕೈಗಾರಿಕಾ ಪ್ರದೇಶ

ಉತ್ತರ: ರಜೆ ಕಡಿಮೆ, ಆಸೆ ದೊಡ್ಡದು, ದುಡಿಯುವವರೆಲ್ಲರ ಕಷ್ಟ ಇದು. ನಿಮ್ಮ ಓಟ ವ್ಯರ್ಥವಾಗುವುದಿಲ್ಲ. ಕಾಲು ನೋಯುವುದು, ಏದುಸಿರು ಬಿಡುವುದು ಇತರರಿಗಿಂತ ನಿಮಗೆ ಖಂಡಿತ ಕಡಿಮೆ ಇರುತ್ತದೆ.

ಆದರೆ ಎತ್ತರದ ಕಾಯಿಲೆಗೆ ಫಿಟ್‌ನೆಸ್ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ 21ರಷ್ಟೇ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಒಂದೊಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಕೋಲಾರ ಸೀಮೆಯಲ್ಲಿ ನಾವು ಎಳೆಯುವ ಉಸಿರಿಗೆ ಹೋಲಿಸಿದರೆ ಹಂಪ್ತಾದ ನೆತ್ತಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟವನ್ನು ಆಳ ಮಾಡುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರವನ್ನು ಸರಿದೂಗಿಸುತ್ತವೆ. ಇದಕ್ಕೆಲ್ಲ ದಿನಗಳೇ ಹಿಡಿಯುತ್ತವೆ, ಎಷ್ಟು ಓಡಿದರೂ ಆ ದಿನಗಳು ಕಡಿಮೆಯಾಗುವುದಿಲ್ಲ. ಮಾಲೂರಿನವರಿಗೆ ಇಟ್ಟಿಗೆಯ ವಿಷಯ ನಾನು ಹೇಳಬೇಕಾಗಿಲ್ಲ: ಹಸಿ ಇಟ್ಟಿಗೆ ನೆರಳಲ್ಲಿ ಒಣಗುವ ಮೊದಲೇ ಗೂಡಿಗೆ ಇಟ್ಟರೆ, ಮಣ್ಣು ಎಷ್ಟೇ ಒಳ್ಳೆಯದಿದ್ದರೂ ಸೀಳುತ್ತದೆ.

ಈಗ ನಿಮ್ಮ ಯೋಜನೆ ನೋಡೋಣ. ಮನಾಲಿ ಸುಮಾರು 2,050 ಮೀಟರ್. ಮೊದಲ ಕ್ಯಾಂಪ್ ಚಿಕಾ ಮೂರು ಸಾವಿರದ ಆಸುಪಾಸು, ಎರಡನೆಯದಾದ ಬಾಲು ಕಾ ಘೇರಾ ಮೂರೂವರೆ ಸಾವಿರಕ್ಕೂ ಮೇಲೆ. ಚಿಕಾ ಬಿಟ್ಟರೆ ಒಂದೇ ದಿನದಲ್ಲಿ ನಿಮ್ಮ ಮಲಗುವ ಎತ್ತರ ಒಂದೂವರೆ ಸಾವಿರ ಮೀಟರ್ ಜಿಗಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು ಎಂಬುದು ವೈದ್ಯರ ಸಲಹೆ. ಹಗಲು ಎತ್ತರಕ್ಕೆ ಹೋಗಿ ಬರಬಹುದು. ರಾತ್ರಿ ತಲೆ ಎಲ್ಲಿಡುತ್ತೀರಿ ಎಂಬುದೇ ಲೆಕ್ಕ.

ತಲೆನೋವು, ಜೊತೆಗೆ ವಾಕರಿಕೆ, ಸುಸ್ತು ಅಥವಾ ತಲೆಸುತ್ತು ಇದ್ದರೆ ಅದು ಎಎಂಎಸ್ (ಎತ್ತರಕ್ಕೆ ಹೋದವರಿಗೆ ಬರುವ ಆರಂಭದ ಕಾಯಿಲೆ). ತಲುಪಿದ ಕೆಲವು ಗಂಟೆಗಳ ಮೇಲೆ, ಹೆಚ್ಚಾಗಿ ಆ ರಾತ್ರಿಯೇ ಕಾಣಿಸಿಕೊಳ್ಳುತ್ತದೆ. ಆಗ ಅಲ್ಲೇ ನಿಲ್ಲಬೇಕು, ವಾಸಿಯಾಗುವವರೆಗೆ ಮೇಲೆ ಹೋಗಬಾರದು. ಬಹಳಷ್ಟು ಜನರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ, ಹೆದರಬೇಕಾಗಿಲ್ಲ.

ಹೆದರಬೇಕಾದವು ಎರಡು. ಒಂದು ಹೇಸ್ (ಮಿದುಳು ಊದಿಕೊಳ್ಳುವುದು): ನೆಲದ ಮೇಲಿನ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯಲು ಹೇಳಿ, ಕುಡಿದವರಂತೆ ತೂರಾಡಿದರೆ, ಮಾತು ಹೊಂದದಿದ್ದರೆ ಅದೇ. ಇನ್ನೊಂದು ಹೇಪ್ (ಶ್ವಾಸಕೋಶದಲ್ಲಿ ನೀರು ತುಂಬುವುದು): ಕೂತಲ್ಲೇ ಉಸಿರು ಸಿಗದಿರುವುದು, ಬಿಡದ ಕೆಮ್ಮು, ಆಮೇಲೆ ಗುಲಾಬಿ ಬಣ್ಣದ ನೊರೆಗಫ. ಇದು ಹೆಚ್ಚಾಗಿ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯೊಳಗೆ ಬರುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ, ಅವರು ಬೇಗ ಬೇಗ ಹತ್ತುತ್ತಾರಲ್ಲ ಅದಕ್ಕೇ. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೆಳಗೆ ಇಳಿಸಬೇಕು. ಒಂಟಿಯಾಗಿ ಕಳಿಸಬಾರದು.

ಇರುವುದೇ ನಾಲ್ಕು ದಿನವಾದರೆ ಈ ವರ್ಷ ಹಂಪ್ತಾ ಬೇಡ. ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳು ನಿಮ್ಮ ಓಟಕ್ಕೆ ಸರಿಯಾದ ಜಾಗ. ಮುಂದಿನ ವರ್ಷ ರಜೆ ಕೂಡಿಸಿಕೊಂಡು ಹತ್ತು ದಿನ ಹೋಗಿ.

ಪ್ರಶ್ನೆ: ನಮ್ಮ ತಂಡದ ಒಬ್ಬರು ಎಲ್ಲರಿಗೂ ಡೈಮಾಕ್ಸ್ ಮಾತ್ರೆ ತಂದಿಟ್ಟಿದ್ದಾರೆ. ಇನ್ನೊಬ್ಬರು ಕರ್ಪೂರ ಮೂಸುತ್ತಿದ್ದರೆ ಸಾಕು ಅಂತಾರೆ. ಡಬ್ಬಿಯಲ್ಲಿ ಸಿಗುವ ಆಕ್ಸಿಜನ್ ತಗೊಳ್ಳಿ ಅಂತ ಮೂರನೆಯವರು. ಯಾರ ಮಾತು ಕೇಳಲಿ?
— ಓದುಗಿ, ಕೋಲಾರ

ಉತ್ತರ: ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಗೊಂದಲವಾಗುವುದು ಸಹಜ.

ಡೈಮಾಕ್ಸ್ (ಅಸಿಟಜೋಲಮೈಡ್ ಎಂಬ ಔಷಧದ ಮಾರಾಟದ ಹೆಸರು) ನಿಜಕ್ಕೂ ಕೆಲಸ ಮಾಡುತ್ತದೆ. ಉಸಿರಾಟ ಹೆಚ್ಚಿಸಿ, ದೇಹ ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಬೇಗ ಮಾಡಿಸುತ್ತದೆ. ತಡೆಗಾಗಿ ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಆದರೆ ನಿಧಾನವಾಗಿ ಏರುವ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ತಾವಾಗಿ ನುಂಗಲೇಬಾರದು. ಹಾಗಾಗಿ ಸ್ನೇಹಿತರು ಹಂಚುವ ಮಾತ್ರೆ ಬೇಡ. ನಿಮ್ಮ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಸೋಡಾ ಸಪ್ಪೆಯಾಗಿ ತೋರುವುದು ಅದರ ಗುಣ, ಗಾಬರಿ ಬೇಡ. ಮಾತ್ರೆ ನುಂಗಿದ್ದೇನೆಂದು ಏರುವ ವೇಗ ಹೆಚ್ಚಿಸಿದರೆ ಮಾತ್ರ ನುಂಗಿದ್ದೂ ವ್ಯರ್ಥ.

ಕರ್ಪೂರದ ಘಾಟು ಮೂಗಿಗೆ ತಂಪೆನಿಸಿ, ಉಸಿರು ಸರಾಗವಾದಂತೆ ಭಾಸವಾಗುತ್ತದೆ. ರಕ್ತಕ್ಕೆ ಆಮ್ಲಜನಕ ಸೇರಿಸುವ ಶಕ್ತಿ ಅದಕ್ಕಿಲ್ಲ. ಮೂಸಬಯಸುವವರು ಮೂಸಲಿ, ಬಾಯಿಗೆ ಹಾಕಿಕೊಳ್ಳಬಾರದು. ಹೊಟ್ಟೆಗೆ ಹೋದರೆ ಅದು ವಿಷ. ಡಬ್ಬಿಯ ಆಕ್ಸಿಜನ್ ಕೆಲವೇ ನಿಮಿಷದ ಸರಕು. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಕೈಗವಸು ಬರುತ್ತದೆ. ತಂಡದ ಗೈಡ್ ಬಳಿ ದೊಡ್ಡ ಸಿಲಿಂಡರ್ ಇದೆಯೇ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು, 63 ವರ್ಷ. ಬಿ.ಪಿ. ಇದೆ, ಸಕ್ಕರೆ ಕಾಯಿಲೆಯೂ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮಾವಿನ ಫಸಲು ಮುಗಿದ ಮೇಲೆ ಕೈಲಾಸ ಮಾನಸ ಸರೋವರಕ್ಕೆ ಹೋಗುವ ಆಸೆ. ಲಿಪುಲೇಖ್ ದಾಟಬೇಕಂತೆ. ಮಕ್ಕಳು ಈ ವಯಸ್ಸಿನಲ್ಲಿ ಬೇಡ ಅಂತಾರೆ.
— ಓದುಗರು, ಶ್ರೀನಿವಾಸಪುರ

ಉತ್ತರ: ನಮಸ್ಕಾರ ಮೇಷ್ಟ್ರೇ. ವಯಸ್ಸೊಂದೇ ಕಾರಣಕ್ಕೆ ನಿಮ್ಮನ್ನು ಯಾರೂ ತಡೆಯುವಂತಿಲ್ಲ. ಕೇಂದ್ರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಗೆ 70 ವರ್ಷದವರೆಗೂ ಅವಕಾಶವಿದೆ. 2020ರಿಂದ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಆರಂಭವಾಯಿತು. ಉತ್ತರಾಖಂಡದ ಲಿಪುಲೇಖ್ ಮತ್ತು ಸಿಕ್ಕಿಂನ ನಾಥು ಲಾ, ಎರಡು ದಾರಿಗಳಿವೆ.

ಮಕ್ಕಳ ಆತಂಕಕ್ಕೂ ಬೆಲೆ ಕೊಡಬೇಕು. ಲಿಪುಲೇಖ್ 5,000 ಮೀಟರ್‌ಗಿಂತ ಎತ್ತರದಲ್ಲಿದೆ. ಕೈಲಾಸ ಪರಿಕ್ರಮದಲ್ಲಿ ದಾಟುವ ಡೋಲ್ಮಾ ಲಾ 5,600 ಮೀಟರ್ ಮೀರುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅದಕ್ಕೇ ದೆಹಲಿಯಲ್ಲಿ ಒಂದು ಸಲ, ದಾರಿಯಲ್ಲಿ ಇನ್ನೊಂದು ಸಲ ವೈದ್ಯಕೀಯ ತಪಾಸಣೆ ಇರುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಮೀರಿರಬಾರದೆಂಬ ನಿಯಮವೂ ಇದೆ. ದೆಹಲಿಗೆ ಹೋಗಿ ಅನುತ್ತೀರ್ಣರಾಗುವ ಬದಲು ಕೋಲಾರದಲ್ಲೋ ಬೆಂಗಳೂರಿನಲ್ಲೋ ಮೊದಲೇ ಪರೀಕ್ಷೆ ಮಾಡಿಸಿ: ಟಿಎಂಟಿ (ಓಡುಪಟ್ಟಿಯ ಮೇಲೆ ನಡೆಸಿ ಹೃದಯ ನೋಡುವುದು), ಮೂತ್ರಪಿಂಡ, ಕಣ್ಣಿನ ಅಕ್ಷಿಪಟ. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಪರೀಕ್ಷೆ ಬಹಳ ಮುಖ್ಯ, ಅದನ್ನೇ ಎಲ್ಲರೂ ಮರೆಯುತ್ತಾರೆ.

ಎತ್ತರದಲ್ಲಿ ಮೊದಲ ಕೆಲವು ದಿನ ರಕ್ತದೊತ್ತಡ ಏರುತ್ತದೆ. ಮಾತ್ರೆ ಬಿಡಬೇಡಿ, ತಾವಾಗಿ ಹೆಚ್ಚಿಸಲೂ ಬೇಡಿ. ದಿನವಿಡೀ ನಡೆಯುವಾಗ ಸಕ್ಕರೆ ಥಟ್ಟನೆ ಇಳಿಯಬಹುದು, ಆದ್ದರಿಂದ ಜೇಬಿನಲ್ಲಿ ಬೆಲ್ಲದ ತುಂಡು ಸದಾ ಇರಲಿ. ಕೈ ನಡುಕ, ಬೆವರು, ಮಂಕು ಬಂದರೆ ಮೊದಲು ಬೆಲ್ಲ, ಆಮೇಲೆ ಮಾತು. ಸಕ್ಕರೆ ಅಳೆಯುವ ಯಂತ್ರ ಚಳಿಯಲ್ಲಿ ತಪ್ಪು ತೋರಿಸುತ್ತದೆ, ಅಂಗಿಯ ಒಳಗೆ ಬೆಚ್ಚಗಿಟ್ಟುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವ ಬೇರೆ ಓದುಗರಿಗೂ ಇದೇ ಮಾತು: ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಸಮಯದ ಬಗ್ಗೆ ಒಂದು ಮಾತು. ಮಾವು ಮುಗಿಯುವ ಹೊತ್ತಿಗೆ ಅಲ್ಲಿ ಮಳೆಗಾಲ, ಬೆಟ್ಟ ಕುಸಿಯುವ ಕಾಲ. 1998ರ ಆಗಸ್ಟ್‌ನಲ್ಲಿ ಇದೇ ದಾರಿಯ ಮಾಲ್ಪಾದಲ್ಲಿ ರಾತ್ರಿ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿಯವರೂ ಅವರಲ್ಲಿ ಒಬ್ಬರು. ಈಗ ರಸ್ತೆ ಬಂದು ನಡಿಗೆ ಬಹಳ ಕಡಿಮೆಯಾಗಿದೆ. ಆದರೆ ಬೇಗ ಮೇಲೇರಿಸುವ ರಸ್ತೆ ಎತ್ತರದ ಕಾಯಿಲೆಗೂ ದಾರಿಯೇ, ಆದ್ದರಿಂದ ನಡುವೆ ಉಳಿಸುವ ರಾತ್ರಿಗಳನ್ನು ಬೇಸರಿಸದೆ ಉಳಿಯಿರಿ. ತಂಡ ಆರಿಸುವ ಅವಕಾಶ ಸಿಕ್ಕರೆ ಮೊದಲಿನ ತಂಡ ಕೇಳಿ. ಒಂದು ವರ್ಷ ತೋಟವನ್ನು ಮಕ್ಕಳು ನೋಡಿಕೊಳ್ಳಲಿ. ಹೋಗಿಬಂದವರಿಗೆ ನಮ್ಮ ಮುಜರಾಯಿ ಇಲಾಖೆಯ ಸಹಾಯಧನವಿದೆ, ಅರ್ಜಿಯ ವಿವರ ಅಲ್ಲೇ ವಿಚಾರಿಸಿ.

ಪ್ರಶ್ನೆ: ನಡಿಗೆಯ ನಡುವೆಯೇ ನನ್ನ ಮುಟ್ಟಿನ ದಿನಗಳು ಬರುತ್ತವೆ. ಮುಂದೂಡುವ ಮಾತ್ರೆ ತೆಗೆದುಕೊಳ್ಳಬಹುದಾ? ತಂಡದಲ್ಲಿ ನಾವಿಬ್ಬರೇ ಹುಡುಗಿಯರು, ಯಾರನ್ನು ಕೇಳುವುದೋ ಗೊತ್ತಾಗಲಿಲ್ಲ.
— ಓದುಗಿ, ನಂಗಲಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಬಹಳ ಜನ ಕೇಳದೆಯೇ ಮಾತ್ರೆ ನುಂಗಿಬಿಡುತ್ತಾರೆ. ಮುಟ್ಟಾಗಿದ್ದಾಗ ಎತ್ತರಕ್ಕೆ ಹೋಗುವುದರಿಂದ ಎತ್ತರದ ಕಾಯಿಲೆ ಹೆಚ್ಚುವುದಿಲ್ಲ. ಹಾಗಾಗಿ ಮುಂದೂಡಲೇಬೇಕೆಂಬ ಅಗತ್ಯವಿಲ್ಲ.

ಮುಂದೂಡುವ ಹಾರ್ಮೋನ್ ಮಾತ್ರೆಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತವೆ. ಎತ್ತರದಲ್ಲಿ ನೀರು ಕಡಿಮೆ ಕುಡಿದು, ಚಳಿಗೆ ಟೆಂಟಿನಲ್ಲೇ ಮುದುಡಿ ಕೂತರೆ ಅದು ಒಳ್ಳೆಯದಲ್ಲ. ಬೇಕೇ ಬೇಕೆನಿಸಿದರೆ ಸ್ತ್ರೀರೋಗ ವೈದ್ಯೆಯನ್ನು ಒಂದು ತಿಂಗಳ ಮೊದಲೇ ನೋಡಿ. ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತೊಂದರೆ ಬಂದಿದ್ದರೆ ಮರೆಯದೆ ಹೇಳಿ.

ಇಲ್ಲದಿದ್ದರೆ ಪ್ಯಾಡ್ ಸಾಕಷ್ಟು ಒಯ್ಯಿರಿ. ಚಳಿ, ಆಯಾಸಕ್ಕೆ ದಿನ ಹಿಂದುಮುಂದಾಗುವುದುಂಟು. ಬಳಸಿದ್ದನ್ನು ಅಲ್ಲಿ ಹೂಳಬೇಡಿ, ಆ ಚಳಿಯಲ್ಲಿ ಏನೂ ಕೊಳೆಯುವುದಿಲ್ಲ. ಕಾಗದದಲ್ಲಿ ಸುತ್ತಿ ಜಿಪ್ ಇರುವ ಚೀಲದಲ್ಲಿ ಕೆಳಗೆ ತನ್ನಿ. ಬಯಲಿಗೆ ಹೋಗಬೇಕಾಗುತ್ತದೆ ಎಂಬ ಮುಜುಗರಕ್ಕೆ ನೀರು ಕುಡಿಯುವುದನ್ನು ಮಾತ್ರ ನಿಲ್ಲಿಸಬೇಡಿ. ಹುಡುಗಿಯರು ಅಲ್ಲಿ ಕಾಯಿಲೆ ಬೀಳಲು ನಾನು ಕಂಡ ದೊಡ್ಡ ಕಾರಣವೇ ಇದು. ಟಾಯ್ಲೆಟ್ ಟೆಂಟ್ ಇದೆಯೇ ಎಂದು ಏರ್ಪಾಡಿನವರನ್ನು ನೇರವಾಗಿ ಕೇಳಿ. ನಾಚಿಕೊಳ್ಳಬೇಕಾದವರು ಅದನ್ನು ಒದಗಿಸದವರು.

ಪ್ರಶ್ನೆ: ನಮ್ಮ ತಾತ ಕೆ.ಜಿ.ಎಫ್. ಗಣಿಯಲ್ಲಿ ದುಡಿದು ಸಿಲಿಕೋಸಿಸ್ ಬಂದು ತೀರಿಕೊಂಡರು. ನನಗೂ ಶ್ವಾಸಕೋಶ ಕೈಕೊಡಬಹುದಾ?
— ಓದುಗ, ಕೋಲಾರ ತಾಲ್ಲೂಕು

ಉತ್ತರ: ಇಲ್ಲ, ಆ ಭಯ ಬಿಡಿ. ಸಿಲಿಕೋಸಿಸ್ (ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಾಯವಾಗುವ ರೋಗ) ರಕ್ತದಲ್ಲಿ ಬರುವುದಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಆಳದವರೆಗೆ ಇಳಿದು ಬಂಡೆ ಕೊರೆದವರ ಎದೆಯಲ್ಲಿ ಉಳಿದ ಧೂಳು ಅದು. 2001ರಲ್ಲಿ ಗಣಿ ಮುಚ್ಚಿದ ಮೇಲೂ ನಿಮ್ಮ ತಾತನಂಥ ಎಷ್ಟೋ ಜನರನ್ನು ಅದು ಬಿಡಲಿಲ್ಲ.

ನೀವೇ ಕಲ್ಲು ಕ್ವಾರಿಯಲ್ಲೋ ಜಲ್ಲಿ ಕ್ರಷರ್‌ನಲ್ಲೋ ಕೆಲಸ ಮಾಡುತ್ತಿದ್ದರೆ ಅಥವಾ ಮನೆಯಲ್ಲಿ ಕ್ಷಯ ಬಂದಿದ್ದರೆ ಮಾತ್ರ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಮಾಡಿಸಿಕೊಂಡು ಹೊರಡಿ.

ಪ್ರಶ್ನೆ: ತಿರುಪತಿ ಬೆಟ್ಟ ನಡೆದೇ ಹತ್ತುವವರು ನಾವು. ಇನ್ನೇನು ಅಭ್ಯಾಸ ಬೇಕು? ಊರಿನ ತಿಂಡಿ ಏನು ಒಯ್ಯಬಹುದು?
— ಓದುಗರು, ಆವನಿ

ಉತ್ತರ: ಅಲಿಪಿರಿಯ 3,550 ಮೆಟ್ಟಿಲು ಹತ್ತುವ ಕಾಲು ಒಳ್ಳೆಯ ಕಾಲೇ. ಅದಕ್ಕೆ ಎರಡು ಸಂಗತಿ ಸೇರಿಸಿ. ಒಂದು, ಬೆನ್ನಿಗೆ ಏಳೆಂಟು ಕಿಲೋ ಭಾರ. ಎರಡು, ಇಳಿಯುವುದು. ತಿರುಮಲಕ್ಕೆ ಹತ್ತಿದವರು ಬಸ್ಸಿನಲ್ಲಿ ಇಳಿಯುತ್ತಾರೆ. ಹಂಪ್ತಾದ ಆಚೆ ಬದಿಯ ಇಳಿಜಾರಿನಲ್ಲಿ ಮಂಡಿಗೆ ಕೆಲಸ ಬೀಳುತ್ತದೆ. ನಿಮ್ಮೂರ ಬೆಟ್ಟವನ್ನೇ ವಾರಕ್ಕೆ ಮೂರು ದಿನ ಹತ್ತಿ ಇಳಿಯಿರಿ, ಭಾನುವಾರ ಕೋಲಾರದ ಅಂತರಗಂಗೆ. ಎರಡು ಮೂರು ತಿಂಗಳ ಅಭ್ಯಾಸ ಬೇಕು. ಅಲ್ಲಿಗೆ ಹಾಕಿಕೊಂಡು ಹೋಗುವ ಶೂನಲ್ಲೇ ನಡೆಯಿರಿ. ಹೊಸ ಶೂ ಕೊಂಡು ಮನಾಲಿಯಲ್ಲಿ ಮೊದಲ ಸಲ ಹಾಕುವುದು ಬೊಬ್ಬೆಗೆ ಆಹ್ವಾನ. ಒಂದನ್ನು ಮಾತ್ರ ತಿಳಿದಿರಿ: ಇಲ್ಲಿನ ಬೆಟ್ಟಗಳು ಕಾಲನ್ನು ಪಳಗಿಸುತ್ತವೆ, ಎತ್ತರಕ್ಕೆ ದೇಹವನ್ನು ಪಳಗಿಸುವುದಿಲ್ಲ. ಅದು ಅಲ್ಲೇ ಆಗಬೇಕು.

ತಿಂಡಿಗೆ ರಾಗಿ ಹುರಿಹಿಟ್ಟು ಒಯ್ಯಿರಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಾಲ್ಕು ಸಾವಿರ ಮೀಟರ್ ಮೇಲೆ ನೀರು ಸುಮಾರು 86–87 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಮುದ್ದೆಯ ಆಸೆ ಬಿಟ್ಟುಬಿಡಿ. ಹುರಿಹಿಟ್ಟು ಮೊದಲೇ ಬೆಂದದ್ದು. ಬಿಸಿನೀರು, ಬೆಲ್ಲ ಹಾಕಿ ಕಲಸಿದರೆ ಊಟ. ಲಡಾಖ್, ಟಿಬೆಟ್ ಕಡೆಯವರೂ ಬಾರ್ಲಿಯನ್ನು ಹುರಿದು ಬೀಸಿ ಹೀಗೆಯೇ ತಿನ್ನುತ್ತಾರೆ. ಕಡಲೆಬೀಜದ ಚಿಕ್ಕಿ ಜೇಬಿಗೆ. ಮೇಲೆ ಹಸಿವು ಸಾಯುತ್ತದೆ, ನಾಲಿಗೆ ಚುರುಕಾಗಲು ಒಂದು ಸಣ್ಣ ಡಬ್ಬಿ ಹುಣಸೆ ತೊಕ್ಕು ಇರಲಿ. ದಿನಕ್ಕೆ ಮೂರು ಲೀಟರ್‌ನಷ್ಟು ನೀರು ಕುಡಿಯಿರಿ. ಮದ್ಯ ಬೇಡವೇ ಬೇಡ. ಮೈ ಬೆಚ್ಚಗಾದಂತೆ ತೋರಿಸಿ ಒಳಶಾಖವನ್ನು ಕಳೆಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಹಿಮದಿಂದ ಚಿಮ್ಮುವ ಬಿಸಿಲಿಗೆ ಕಣ್ಣು ಸುಟ್ಟಂತಾಗಿ ಒಂದೆರಡು ದಿನ ಕಾಣದೇ ಹೋಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ಸ್ಯಾಟಲೈಟ್ ಫೋನ್ ಕೊಡುತ್ತೇನೆ, ಸಿಗ್ನಲ್ ಇಲ್ಲದ ಕಡೆ ಆಗುತ್ತದೆ ಅಂತಾರೆ. ತಗೊಂಡು ಹೋಗಲಾ?
— ಓದುಗ, ಮುಳಬಾಗಿಲು

ಉತ್ತರ: ಭಾವನವರ ಕಾಳಜಿ ದೊಡ್ಡದು, ಆದರೆ ಬೇಡ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರಗಳನ್ನು ಒಯ್ದವರೂ ವಿಮಾನ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಾರೆ. ತಂಡದವರು ವಾಕಿಟಾಕಿ ಇಟ್ಟುಕೊಂಡಿರುತ್ತಾರೆಯೇ, ಹತ್ತಿರದ ರಸ್ತೆ ಎಷ್ಟು ಗಂಟೆಯ ದಾರಿ ಎಂದು ಕೇಳಿಟ್ಟುಕೊಳ್ಳಿ. ಆಚೆ ಬದಿಯಲ್ಲಿ ಛತ್ರುವಿಗೆ ಇಳಿದರೆ ವಾಹನ ಸಿಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಅಲ್ಲಿಂದ ರೋಗಿಯನ್ನು ಮನಾಲಿಗೆ ತರಲು ರೋಹ್ತಾಂಗ್ ಪಾಸ್ ಹತ್ತಿ ಇಳಿಯಬೇಕಾಗಿಲ್ಲ.

ಪ್ರಶ್ನೆ: ಹೋದ ವರ್ಷ ಬಾಲು ಕಾ ಘೇರಾದಲ್ಲಿ ರಾತ್ರಿಯೆಲ್ಲ ತಲೆನೋವು, ವಾಂತಿ. ಬೆಳಿಗ್ಗೆ ಗೈಡ್ ನನ್ನನ್ನು ಒಬ್ಬ ಸಹಾಯಕನ ಜೊತೆ ವಾಪಸ್ ಕಳಿಸಿದರು. ಉಳಿದವರೆಲ್ಲ ಪಾಸ್ ಮೇಲೆ ಫೋಟೊ ತೆಗೆಸಿಕೊಂಡರು. ಊರಲ್ಲಿ ಈಗಲೂ 'ಅರ್ಧ ದಾರಿಯಣ್ಣ' ಅಂತ ಕರೆಯುತ್ತಾರೆ. ಮತ್ತೆ ಹೋಗಬೇಕು ಅನ್ನಿಸುತ್ತೆ, ಮತ್ತೆ ಹಾಗೇ ಆದರೆ ಅಂತ ಭಯ.
— ಓದುಗ, ತಾಯಲೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೋವು ವಾಂತಿಯದಲ್ಲ, ಆ ಹೆಸರಿನದು. ಮೊದಲು ಇದು ತಿಳಿಯಲಿ: ನಿಮ್ಮ ದೇಹದಲ್ಲಿ ಏನೂ ಕೊರತೆಯಿಲ್ಲ, ನಿಮ್ಮ ಗೈಡ್ ಒಳ್ಳೆಯವರು. ತಲೆನೋವಿನ ಜೊತೆ ರಾತ್ರಿಯಿಡೀ ವಾಂತಿಯಾದವನನ್ನು ಮೇಲಕ್ಕೆ ಕರೆದೊಯ್ಯುವವರೂ ಇದ್ದಾರೆ. ನಿಮ್ಮವರು ಜೊತೆಗೊಬ್ಬನನ್ನು ಕೊಟ್ಟು ಇಳಿಸಿದರು. ಈ ಸಲವೂ ಅವರೇ ಸಿಕ್ಕರೆ ಅವರ ಜೊತೆಗೇ ಹೋಗಿ.

ಊರವರಿಗೆ ಹೇಳಲು ಒಂದು ಕತೆ ಕೊಡುತ್ತೇನೆ. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಸೇನಾ ವಿಭಾಗವೊಂದರ ಮುಖ್ಯಸ್ಥರಾಗಿದ್ದರು. ಲೇಹ್‌ನ ದಾರಿ ತೆರೆಯಲು ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಪಾಸ್ ದಾಟಬೇಕಿತ್ತು. ಸೆಪ್ಟೆಂಬರ್‌ನ ದಾಳಿ ಫಲಿಸಲಿಲ್ಲ, ಸೈನ್ಯ ಹಿಂದೆ ಸರಿಯಿತು. ಆಮೇಲೆ ದಾರಿ ಅಗಲ ಮಾಡಿ, ಟ್ಯಾಂಕ್‌ಗಳನ್ನು ತರಿಸಿ, ಹವಾ ತಿಳಿಯಾಗುವುದನ್ನು ಕಾದು ನವೆಂಬರ್ 1ರಂದು ದಾಟಿದರು. ಮುಂದಿನ ಟ್ಯಾಂಕ್‌ನಲ್ಲಿ ಸ್ವತಃ ತಿಮ್ಮಯ್ಯನವರೇ ಇದ್ದರು. ನಮ್ಮ ರಾಜ್ಯದ ಸಾಹಸ ಅಕಾಡೆಮಿಗೆ ಇಟ್ಟಿರುವುದು ಅವರದೇ ಹೆಸರು. ಸೆಪ್ಟೆಂಬರ್‌ನಲ್ಲಿ ಹಿಂದಿರುಗಿದ್ದಕ್ಕೆ ಯಾರೂ ಅವರಿಗೆ ಅಡ್ಡಹೆಸರಿಟ್ಟದ್ದು ನನಗೆ ಗೊತ್ತಿಲ್ಲ.

ನಿಮ್ಮ ಭಯಕ್ಕೆ ಬರೋಣ. ಒಮ್ಮೆ ಎಎಂಎಸ್ ಬಂದವರಿಗೆ ಅದೇ ವೇಗದಲ್ಲಿ ಏರಿದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ವೇಗ ಬದಲಿಸಿ. ಮನಾಲಿಯಲ್ಲಿ ಎರಡು ರಾತ್ರಿ, ಚಿಕಾದಲ್ಲಿ ಎರಡು ರಾತ್ರಿ ಉಳಿಯಿರಿ. ಬಾಲು ಕಾ ಘೇರಾ ತಲುಪಿದ ದಿನ ಸಂಜೆ ಇನ್ನಷ್ಟು ಎತ್ತರಕ್ಕೆ ನಿಧಾನವಾಗಿ ನಡೆದು ಬಂದು ಕೆಳಗೆ ಮಲಗಿ. ಸಾಧ್ಯವಾದರೆ ಅಲ್ಲೂ ಎರಡನೇ ರಾತ್ರಿ. ಡೈಮಾಕ್ಸ್ ನಿಜಕ್ಕೂ ಬೇಕಾಗುವುದು ನಿಮ್ಮಂಥವರಿಗೇ, ಡಾಕ್ಟರಿಗೆ ಹೋದ ವರ್ಷದ ಸಂಗತಿ ಪೂರ್ತಿ ಹೇಳಿ ಕೇಳಿ.

ದೊಡ್ಡ ತಂಡದ ನಿಗದಿತ ದಿನಗಳಲ್ಲಿ ಇಷ್ಟು ನಿಧಾನ ಸಾಧ್ಯವಾಗದು. ಇಬ್ಬರು ಮೂವರು ಸೇರಿ ಬೇರೆಯೇ ಗೈಡ್ ಮಾಡಿಕೊಂಡರೆ ಖರ್ಚು ಹೆಚ್ಚು, ಆದರೆ ದಿನ ನಿಮ್ಮದು. ಜೂನ್‌ನಲ್ಲಿ ಪಾಸ್ ಮೇಲೆ ಹಿಮ ಹೆಚ್ಚಿರುತ್ತದೆ, ಜುಲೈ ಆಗಸ್ಟ್‌ನಲ್ಲಿ ಮಳೆ. ಸೆಪ್ಟೆಂಬರ್ ಮಧ್ಯದ ನಂತರ ಆಕಾಶ ತಿಳಿಯಾಗಿರುತ್ತದೆ, ರಾತ್ರಿ ಚಳಿ ಮಾತ್ರ ಜಾಸ್ತಿ. ಆಗ ಹೊರಡಿ. ಮೊದಲ ದಿನ, ನಡಿಗೆ ಶುರುವಾಗುವ ಜೋಬ್ರಾದಲ್ಲಿ ಜೀಪಿನಿಂದ ಇಳಿದ ಕೂಡಲೇ ಹೋದ ವರ್ಷ ಆದದ್ದನ್ನು ಗೈಡ್‌ಗೆ ಹೇಳಿ, ತಲೆನೋವು ಶುರುವಾದರೆ ಬಚ್ಚಿಡದೆ ಅದೇ ಹೊತ್ತಿಗೆ ತಿಳಿಸಿ.